ಓಡಿದಾಗ ಮತ್ತೆ ಮತ್ತೆ ಹಿಡಿಯುವ ಮೀನಖಂಡ: ದೋಷ ಪತ್ತೆ ಹಚ್ಚುವ ಬಗೆ

ಹದಿನೈದು ದಿನ ಓಟ ಬಿಟ್ಟರೆ ಮೀನಖಂಡದ ನೋವು ಮಾಯ. ಹದಿನಾರನೆಯ ದಿನ ಬೂಟು ಕಟ್ಟಿ ಇಳಿದರೆ ಎರಡನೆಯ ಸುತ್ತಿಗೆ ಅದೇ ಜಾಗದಲ್ಲಿ ಅದೇ ನೋವು ಹಾಜರು. ಬೆಳಗಿನ ಐದೂವರೆಗೆ ಕಲಬುರಗಿಯ ಚಂದ್ರಶೇಖರ ಪಾಟೀಲ ಕ್ರೀಡಾಂಗಣದಲ್ಲಿ ನಿಂತು ವಿಚಾರಿಸಿ ನೋಡಿ, ಪೊಲೀಸ್ ಭರ್ತಿಗೆ ತಯಾರಾಗುವ ಹುಡುಗರಲ್ಲಿ ಹಲವರು ಇದನ್ನೇ ಹೇಳುತ್ತಾರೆ. ಡಾಕ್ಟರು ಶುಗರ್ ಇದೆ ಅಂದ ಮೇಲೆ ನಲವತ್ತೈದರಲ್ಲಿ ಓಟ ಹಿಡಿದವರದೂ ಇದೇ ಗೋಳು. ಮುಲಾಮು, ಬಿಸಿನೀರು, ಎಣ್ಣೆ ಮಾಲೀಶು, ಮೊಣಕಾಲಿನವರೆಗೆ ಏರಿಸುವ ಬಿಗಿ ಸಾಕ್ಸು, ಎಲ್ಲ ಆಗಿರುತ್ತದೆ. ನೋವು ಎಷ್ಟನೆಯ ನಿಮಿಷಕ್ಕೆ ಶುರುವಾಗುತ್ತದೆ, ನಿಂತ ಮೇಲೆ ಎಷ್ಟು ಹೊತ್ತು ಇರುತ್ತದೆ ಎಂದು ಕೇಳಿದರೆ ಮಾತ್ರ ಉತ್ತರ ಇರುವುದಿಲ್ಲ.

ನನ್ನ ಮಟ್ಟಿಗೆ ಪತ್ತೆ ಕೆಲಸ ಶುರುವಾಗುವುದೇ ಅಲ್ಲಿಂದ. ಮೀನಖಂಡದಲ್ಲಿ ನೋವು ಬರುವ ಜಾಗ ಕೆಲವೇ ಕೆಲವು, ಕಾರಣಗಳು ಹತ್ತಾರು. ಆ ಕಾರಣಗಳನ್ನು ಬೇರೆ ಬೇರೆ ಮಾಡಿ ತೋರಿಸುವುದು ನೋವಿನ ಹೊತ್ತು.

ಮೊದಲು ಅಪಾಯದ್ದು ಅಲ್ಲವೆಂದು ಖಾತ್ರಿ ಮಾಡಿಕೊಳ್ಳಿ

ಒಂದೇ ಕಾಲು ಊದಿಕೊಂಡಿದೆ, ಮುಟ್ಟಿದರೆ ಇನ್ನೊಂದಕ್ಕಿಂತ ಬೆಚ್ಚಗಿದೆ, ಓಡದೆ ಸುಮ್ಮನೆ ಕೂತಾಗಲೂ ನೋಯುತ್ತದೆ ಎಂದಾದರೆ ಅದನ್ನು ಸ್ನಾಯು ನೋವು ಎಂದುಕೊಳ್ಳಬೇಡಿ. ಕಾಲಿನ ಒಳಗಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿರಬಹುದು. ಇತ್ತೀಚೆಗೆ ಆಪರೇಷನ್ ಆಗಿದ್ದರೆ, ಜ್ವರದಲ್ಲಿ ದಿನಗಟ್ಟಲೆ ಮಲಗಿದ್ದರೆ, ಗರ್ಭನಿರೋಧಕ ಮಾತ್ರೆ ನುಂಗುತ್ತಿದ್ದರೆ, ಅಥವಾ ಬೆಂಗಳೂರಿನಿಂದ ಸುಮಾರು 600 ಕಿ.ಮೀ. ರಾತ್ರಿಯಿಡೀ ಕಾಲು ಮಡಚಿ ಬಸ್ಸಿನಲ್ಲಿ ಬಂದಿದ್ದರೆ ಸಂಶಯ ಇನ್ನೂ ಜಾಸ್ತಿ. ಇಂಥ ಕಾಲನ್ನು ತಿಕ್ಕಿಸಬಾರದು, ಅದೇ ದಿನ ಆಸ್ಪತ್ರೆಯಲ್ಲಿ ಡಾಪ್ಲರ್ ಸ್ಕ್ಯಾನ್ ಆಗಬೇಕು. ಜೊತೆಗೆ ಉಸಿರು ಕಟ್ಟಿದರೆ, ಎದೆ ಹಿಡಿದುಕೊಂಡರೆ 108ಕ್ಕೆ ಫೋನ್ ಮಾಡಿ.

ಹಿಮ್ಮಡಿಯ ಮೇಲಿನ ದಪ್ಪ ನರದಂಥ ಸ್ನಾಯುರಜ್ಜು, ಅಂದರೆ ಅಕಿಲೀಸ್, ಕಡಿದು ಹೋಗಿದ್ದರೂ ತಡಮಾಡುವಂತಿಲ್ಲ. ಬೋರಲು ಮಲಗಿಸಿ, ಪಾದ ಮಂಚದಿಂದ ಹೊರಗೆ ಇಳಿಬಿಟ್ಟು, ಇನ್ನೊಬ್ಬರು ಮೀನಖಂಡವನ್ನು ಕೈಯಲ್ಲಿ ಹಿಂಡಬೇಕು. ಸರಿಯಿದ್ದರೆ ಪಾದ ತಾನಾಗಿ ಕೆಳಕ್ಕೆ ಬಾಗುತ್ತದೆ. ಅಲ್ಲಾಡದಿದ್ದರೆ ನೇರ ಎಲುಬು-ಕೀಲು ವೈದ್ಯರಲ್ಲಿಗೆ ನಡೆಯಿರಿ.

ಔಷಧಿಯ ಮಾತನ್ನೂ ಇಲ್ಲೇ ಹೇಳಿಬಿಡುತ್ತೇನೆ, ಆಮೇಲೆ ಯಾರೂ ಕೇಳುವುದಿಲ್ಲ. ಟೈಫಾಯಿಡ್ ಎಂದೋ ಮೂತ್ರದ ಸೋಂಕು ಎಂದೋ ಕೊಡುವ ಸಿಪ್ರೋಫ್ಲಾಕ್ಸಾಸಿನ್, ಆಫ್ಲಾಕ್ಸಾಸಿನ್, ಲಿವೋಫ್ಲಾಕ್ಸಾಸಿನ್ ಗುಂಪಿನ ಮಾತ್ರೆಗಳು ಅಕಿಲೀಸನ್ನು ದುರ್ಬಲ ಮಾಡಬಲ್ಲವು. 2008ರಲ್ಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಇವುಗಳ ಮೇಲೆ ಅತಿ ಕಟ್ಟುನಿಟ್ಟಿನ ಎಚ್ಚರಿಕೆ ಹಾಕಿಸಿದೆ. ಕೋರ್ಸ್ ಮುಗಿದು ವಾರಗಳ ನಂತರವೂ ತೊಂದರೆ ಕಾಣಿಸಬಹುದು. ಕೊಲೆಸ್ಟರಾಲಿಗೆ ಕೊಡುವ ಸ್ಟ್ಯಾಟಿನ್ ಮಾತ್ರೆಗಳಿಂದ ಸ್ನಾಯು ನೋಯುವುದೂ ಉಂಟು, ಆದರೆ ಅದು ಹೆಚ್ಚಾಗಿ ಎರಡೂ ಕಾಲುಗಳಲ್ಲಿ. ವೈದ್ಯರನ್ನು ಕೇಳದೆ ಯಾವುದನ್ನೂ ನಿಲ್ಲಿಸಬೇಡಿ. ಓಟ ಮಾತ್ರ ನಿಲ್ಲಿಸಿ ಕೇಳಿ.

ಗಡಿಯಾರ ಏನು ಹೇಳುತ್ತದೆ

ಜೋರಾಗಿ ಓಟ ಕಿತ್ತಾಗ, ಯಾರೋ ಹಿಂದಿನಿಂದ ಕಲ್ಲು ಹೊಡೆದ ಹಾಗೆ ಮೀನಖಂಡದ ಮೇಲ್ಭಾಗಕ್ಕೆ ಒಮ್ಮೆಲೇ ಪೆಟ್ಟು ಬಿದ್ದರೆ ಅದು ಹೊರ ಸ್ನಾಯು ಹರಿದದ್ದು. ಎಷ್ಟೋ ಜನ ಹಿಂದೆ ತಿರುಗಿ ನೋಡುತ್ತಾರೆ, ಯಾರೂ ಇರುವುದಿಲ್ಲ. ಎರಡು-ಮೂರು ದಿನಕ್ಕೆ ಕಪ್ಪುನೀಲಿ ಕಲೆ ಕೆಳಗೆ ಹಬ್ಬಿ ಪಾದದ ಗಂಟಿನ ತನಕ ಇಳಿಯಬಹುದು. ಇದರ ಹೊತ್ತು, ಜಾಗ ಎರಡೂ ಸ್ಪಷ್ಟ, ಹಾಗಾಗಿ ಪತ್ತೆ ಸುಲಭ.

ಬೆಳಗ್ಗೆ ಹಾಸಿಗೆಯಿಂದ ಇಳಿದು ಇಟ್ಟ ಮೊದಲ ಹೆಜ್ಜೆಗಳೇ ನೋಯುತ್ತವೆ, ಹಿಮ್ಮಡಿಯಿಂದ ಎರಡು-ಮೂರು ಬೆರಳು ಮೇಲೆ ಮುಟ್ಟಿದರೆ ಉರಿ, ಆದರೆ ಓಟಕ್ಕಿಳಿದು ಮೈ ಬಿಸಿಯಾದ ಮೇಲೆ ಕಡಿಮೆ ಎನಿಸುತ್ತದೆ ಎಂದರೆ ದೋಷ ಅಕಿಲೀಸಿನಲ್ಲಿದೆ. ಕಡಿಮೆ ಆಯಿತೆಂದು ಜನ ಇನ್ನೂ ಎರಡು ಸುತ್ತು ಹೆಚ್ಚು ಹೊಡೆಯುತ್ತಾರೆ. ಮರುದಿನ ಬೆಳಗ್ಗೆ ಅದರ ಲೆಕ್ಕ ಚುಕ್ತಾ ಆಗುತ್ತದೆ.

ಪ್ರತಿ ಸಲ ಹೆಚ್ಚು-ಕಡಿಮೆ ಅದೇ ದೂರಕ್ಕೆ ಕಾಲು ಒಡೆದು ಹೋಗುವಷ್ಟು ಬಿಗಿಯುತ್ತದೆ, ಬಹಳ ಸಲ ಎರಡೂ ಕಾಲು, ಪಾದ ಜೋಮು ಹಿಡಿಯುತ್ತದೆ, ಓಟ ನಿಲ್ಲಿಸಿ ಹದಿನೈದು-ಇಪ್ಪತ್ತು ನಿಮಿಷ ಕೂತರೆ ಏನೂ ಆಗಿಲ್ಲವೆಂಬಂತೆ ಇಳಿದು ಹೋಗುತ್ತದೆ, ಮರುದಿನ ನೋವೇ ಇಲ್ಲ. ಇದು ಸ್ನಾಯು ಹರಿದದ್ದಲ್ಲ. ಸ್ನಾಯುವನ್ನು ಸುತ್ತಿದ ಪೊರೆಯೊಳಗೆ ಒತ್ತಡ ಏರುವ ತೊಂದರೆ ಇರಬಹುದು. ಚಿಕ್ಕ ವಯಸ್ಸಿನವರಲ್ಲಿ ಮೊಣಕಾಲಿನ ಹಿಂದೆ ರಕ್ತನಾಳ ಸ್ನಾಯುವಿನ ನಡುವೆ ಸಿಕ್ಕಿಕೊಂಡಿದ್ದರೂ ಹೀಗೇ ಕಾಣುತ್ತದೆ. ಎರಡಕ್ಕೂ ಮನೆಮದ್ದಿಲ್ಲ.

ಐವತ್ತು ದಾಟಿದವರು, ಬೀಡಿ-ಸಿಗರೇಟು ಸೇದುವವರು, ಶುಗರ್ ಇರುವವರಲ್ಲಿ ಓಟವಿರಲಿ, ಸೂಪರ್ ಮಾರ್ಕೆಟ್ಟಿನಿಂದ ಜಗತ್ ವೃತ್ತದ ಕಡೆ ನಡೆದರೂ ಮೀನಖಂಡ ಹಿಡಿದು, ಒಂದು ಅಂಗಡಿ ಮುಂದೆ ನಿಂತರೆ ಬಿಡುತ್ತದೆ ಎಂದಾದರೆ ಕಾಲಿಗೆ ರಕ್ತ ಸಾಲುತ್ತಿಲ್ಲ ಎಂದು ಅರ್ಥ. ಹೃದಯ ತೋರಿಸುವಷ್ಟೇ ತುರ್ತಾಗಿ ಇದನ್ನೂ ತೋರಿಸಬೇಕು.

ಪಿರ್ರೆಯಿಂದ ಶುರುವಾಗಿ ತೊಡೆಯ ಹಿಂದಿನಿಂದ ಇಳಿಯುವ, ಬೈಕ್ ಮೇಲೆ ಕೂತರೆ, ಕೆಮ್ಮಿದರೆ ಹೆಚ್ಚಾಗುವ ನೋವು ಸೊಂಟದ್ದು. ಒಂದೇ ಕಾಲ ಮೇಲೆ ತುದಿಗಾಲಲ್ಲಿ ನಿಲ್ಲಲು ನೋವಿಲ್ಲ, ಆದರೆ ಶಕ್ತಿಯೇ ಇಲ್ಲ ಎಂದರೆ ಮೀನಖಂಡಕ್ಕೆ ಬರುವ ನರ ಸೊಂಟದಲ್ಲಿ ಒತ್ತಿಕೊಂಡಿರಬಹುದು. ಮೀನಖಂಡವನ್ನು ಎಷ್ಟು ತಿಕ್ಕಿದರೂ ಅಲ್ಲಿ ಸಿಗುವುದು ಏನೂ ಇಲ್ಲ.

ಎಲುಬಿನ ನೋವನ್ನು ಬೆರಳೇ ಹೇಳುತ್ತದೆ. ಕಣಕಾಲಿನ ಒಳಬದಿಯ ಎಲುಬಿನ ಅಂಚಿನಲ್ಲಿ ಒಂದು ಗೇಣಿನಷ್ಟು ಉದ್ದಕ್ಕೆ ನೋಯುತ್ತಿದ್ದರೆ ಅದು ಹೊಸ ಓಟಗಾರರ ಸಾಮಾನ್ಯ ತೊಂದರೆ. ಒಂದು ಬೆರಳ ತುದಿಯಷ್ಟು ಜಾಗದಲ್ಲೇ ಚುಚ್ಚಿದಂತಾಗಿ, ರಾತ್ರಿಯೂ ನೋಯ್ದು, ಒಂಟಿ ಕಾಲಲ್ಲಿ ಕುಪ್ಪಳಿಸಿದರೆ ಜೀವ ಹೋದಂತಾದರೆ ಎಲುಬು ಬಿರುಕು ಬಿಟ್ಟಿರಬಹುದು. ತೂಕ ಇಳಿಸಲು ಊಟ ಬಿಟ್ಟು ಓಡುವ, ಮುಟ್ಟು ಏರುಪೇರಾದ ಹುಡುಗಿಯರಲ್ಲಿ ಇದನ್ನು ಮರೆಯಲೇಬಾರದು.

ಇಷ್ಟೆಲ್ಲ ಜರಡಿ ಹಿಡಿದ ಮೇಲೆ ಉಳಿಯುವುದೇ ಮತ್ತೆ ಮತ್ತೆ ಬರುವ ನೋವಿನ ದೊಡ್ಡ ಪಾಲು. ಪೆಟ್ಟು ಬಿದ್ದ ನೆನಪಿಲ್ಲ. ಎರಡನೆಯ ಕಿಲೋಮೀಟರಿನಿಂದ ಆಳದಲ್ಲಿ ಮೆಲ್ಲಗೆ ಬಿಗಿಯುತ್ತ ಬರುತ್ತದೆ. ಹಾಗೇ ಎಳೆದು ಓಡಿದರೆ ಕುಂಟಬೇಕಾಗುತ್ತದೆ. ಮರುದಿನ ಮೆಟ್ಟಿಲು ಇಳಿಯುವಾಗಲೂ ಗೊತ್ತಾಗುತ್ತದೆ. ವಾರ ಬಿಟ್ಟರೆ ಶಾಂತ, ಓಡಿದರೆ ಮತ್ತೆ. ಇದು ಒಳ ಸ್ನಾಯುವಿನ ಕೆಲಸ.

ಮೇಲಿನದೋ ಒಳಗಿನದೋ

ಮೀನಖಂಡದಲ್ಲಿ ಮುಖ್ಯವಾಗಿ ಎರಡು ಸ್ನಾಯುಗಳಿವೆ. ಹೊರಗೆ ಉಬ್ಬಿ ಕಾಣುವುದು ಗ್ಯಾಸ್ಟ್ರಾಕ್ನೀಮಿಯಸ್. ಅದು ಮೊಣಕಾಲಿನ ಮೇಲಿನಿಂದ ಹೊರಡುತ್ತದೆ. ಅದರ ಅಡಿಯಲ್ಲಿ ಚಪ್ಪಟೆಯಾಗಿ ಮಲಗಿರುವುದು ಸೋಲಿಯಸ್, ಅದು ಮೊಣಕಾಲಿನ ಕೆಳಗೇ ಶುರು. ಎರಡೂ ಸೇರಿ ಅಕಿಲೀಸ್ ಆಗಿ ಹಿಮ್ಮಡಿಗೆ ಬೆಸೆಯುತ್ತವೆ. ಮೊಣಕಾಲು ಮಡಚಿದರೆ ಹೊರಗಿನದು ಸಡಿಲವಾಗುತ್ತದೆ, ಭಾರವೆಲ್ಲ ಒಳಗಿನದರ ಮೇಲೆ. ಪರೀಕ್ಷೆಯ ಗುಟ್ಟು ಇಷ್ಟೇ.

ಗೋಡೆಗೆ ಕೈಕೊಟ್ಟು ನೋಯುವ ಕಾಲಿನ ಮೇಲೆ ನಿಲ್ಲಿ. ಮೊಣಕಾಲು ನೇರವಿಟ್ಟು ಹಿಮ್ಮಡಿ ಎತ್ತಿ ಇಳಿಸಿ, ಸುಸ್ತಾಗುವ ತನಕ ಎಣಿಸಿ. ಸ್ವಲ್ಪ ಸುಧಾರಿಸಿಕೊಂಡು, ಈ ಸಲ ಮೊಣಕಾಲನ್ನು ಚೆನ್ನಾಗಿ ಬಾಗಿಸಿಕೊಂಡೇ ಮಾಡಿ. ಆಮೇಲೆ ಇನ್ನೊಂದು ಕಾಲು. ನೇರ ಕಾಲಲ್ಲಿ ಮೇಲ್ಭಾಗ ನೋಯ್ದರೆ ಹೊರ ಸ್ನಾಯು, ಬಾಗಿದ ಕಾಲಲ್ಲಿ ಕೆಳಗೆ ಆಳದಲ್ಲಿ ನೋಯ್ದರೆ ಅಥವಾ ಬೇಗ ಸೋತರೆ ಒಳ ಸ್ನಾಯು.

ಆಳಂದ ಕಡೆಯಿಂದ ಬಂದು ಇಲ್ಲೇ ರೂಮು ಮಾಡಿಕೊಂಡು ಓದುವ ಹುಡುಗನೊಬ್ಬನ ಜೊತೆ ನಡೆದ ಮಾತು ಹೀಗಿತ್ತು:

"ಸರ್, ಮೂರನೇ ರೌಂಡಿಗಿ ಬಂದ್ನಿ ಅಂದ್ರ ಕಾಲು ಕಲ್ಲಾಗ್ತದ. ನರಾ ಹಿಡದದ ಅಂತ ನಮ್ಮ ಕಾಕಾ ತಿಕ್ಕಿಸಿದ್ರು. ಎರಡ್ ದಿನ ಚಲೋ ಇರ್ತದ, ಮತ್ತ ಅದೇ."

"ನಿಂತ ಮ್ಯಾಲ ಎಷ್ಟೊತ್ತಿಗಿ ಕಮ್ಮಿ ಆಗ್ತದಪ?"

"ಪೂರಾ ಕಮ್ಮಿ ಆಗಂಗಿಲ್ರಿ. ಮರುದಿನ ರೂಮಿನ ಮೆಟ್ಲ ಇಳಿಬೇಕಾದ್ರೂ ಗೊತ್ತಾಗ್ತದ."

"ಬೂಟು ಯಾವಾಗ ತಗೊಂಡಿ?"

"ದೀಪಾವಳಿಗಿ ತಗೊಂಡೀನ್ರಿ. ತಳಾ ತೆಳ್ಳಗಿದ್ರ ಸ್ಪೀಡ್ ಬರ್ತದ ಅಂದ್ರು."

ನೇರ ಕಾಲಲ್ಲಿ ಎರಡೂ ಕಡೆ ಇಪ್ಪತ್ತರ ಆಸುಪಾಸು ಮಾಡಿದ, ನೋವಿಲ್ಲ. ಮೊಣಕಾಲು ಬಾಗಿಸಿದ ಕೂಡಲೆ ಎಡಗಾಲು ಏಳಕ್ಕೇ ಗಡಗಡ ನಡುಗಿತು. ಮೀನಖಂಡದ ಉಬ್ಬು ಮುಗಿದು ಸಪಾಟಾಗುವ ಕಡೆ, ಒಳಬದಿಯಲ್ಲಿ ಹೆಬ್ಬೆರಳು ಆಳಕ್ಕೆ ಒತ್ತಿದರೆ ಹಲ್ಲು ಕಚ್ಚಿದ. ಕಾಕಾ ತಿಕ್ಕಿಸಿದ್ದು ಅದರ ಮೇಲಿನ ಉಬ್ಬಿಗೆ. ದೋಷವಿದ್ದ ಪದರಕ್ಕೆ ಎಣ್ಣೆಯ ಕೈ ಮುಟ್ಟಿರಲೇ ಇಲ್ಲ, ಮುಟ್ಟಿದ್ದರೂ ಪ್ರಯೋಜನವಾಗುತ್ತಿರಲಿಲ್ಲ. ಸೋತ ಸ್ನಾಯು ತಿಕ್ಕುವುದರಿಂದ ಗಟ್ಟಿಯಾಗುವುದಿಲ್ಲ.

ಎಷ್ಟು ಗಟ್ಟಿ ಬೇಕು ಎಂಬುದಕ್ಕೆ ಒಂದು ಲೆಕ್ಕ. ಕಾನ್‌ಸ್ಟೆಬಲ್ ದೈಹಿಕ ಪರೀಕ್ಷೆಯಲ್ಲಿ ಪುರುಷರು 1600 ಮೀಟರನ್ನು 6 ನಿಮಿಷ 30 ಸೆಕೆಂಡಿನೊಳಗೆ ಮುಗಿಸಬೇಕು. ಅಂದರೆ 400 ಮೀಟರಿನ ನಾಲ್ಕು ಸುತ್ತು, ಸುತ್ತಿಗೆ ತೊಂಬತ್ತೇಳೂವರೆ ಸೆಕೆಂಡು. ಅಷ್ಟರಲ್ಲಿ ಒಂದೊಂದು ಕಾಲು ಐನೂರಕ್ಕೂ ಹೆಚ್ಚು ಸಲ ನೆಲ ತಳ್ಳುತ್ತದೆ. ಓಟದ ಪ್ರತಿ ಹೆಜ್ಜೆಯಲ್ಲಿ ಸೋಲಿಯಸ್ ಮೇಲೆ ಬೀಳುವ ಬಲ ಸುಮಾರು ಮೈತೂಕದ ಆರರಿಂದ ಎಂಟು ಪಟ್ಟು. ಏಳು ಸಲಕ್ಕೆ ನಡುಗುವ ಸ್ನಾಯು ಮೂರನೆಯ ಸುತ್ತಿನ ತನಕ ಬಂದದ್ದೇ ಹೆಚ್ಚು.

ವಿಶ್ರಾಂತಿಯಿಂದ ಈ ತೊಂದರೆ ಯಾಕೆ ಹೋಗುವುದಿಲ್ಲ ಎಂಬುದೂ ಇಲ್ಲೇ ಗೊತ್ತಾಗುತ್ತದೆ. ಹದಿನೈದು ದಿನ ಕೂತರೆ ನೋವು ಆರುತ್ತದೆ, ಶಕ್ತಿ ಇನ್ನಷ್ಟು ಇಳಿಯುತ್ತದೆ. ಹುಡುಗರು ಬಿಟ್ಟ ವೇಗದಲ್ಲೇ ಮತ್ತೆ ಹಿಡಿಯುತ್ತಾರೆ. ಒಮ್ಮೆ ನೋಯ್ದ ಮೀನಖಂಡ ಮತ್ತೆ ನೋಯುವ ಸಂಭವ ಮೊದಲೇ ಹೆಚ್ಚು, ವಯಸ್ಸು ನಲವತ್ತು ದಾಟಿದರೆ ಇನ್ನೂ ಹೆಚ್ಚು.

ಈಚೆಗೆ ಏನು ಬದಲಾಯಿತು?

ಬೂಟಿನಿಂದ ಶುರು ಮಾಡಿ. ಸಾಮಾನ್ಯ ಓಟದ ಬೂಟಿನಲ್ಲಿ ಹಿಮ್ಮಡಿ ಬೆರಳುಗಳಿಗಿಂತ ಎಂಟರಿಂದ ಹನ್ನೆರಡು ಮಿಲಿಮೀಟರ್ ಎತ್ತರವಿರುತ್ತದೆ. ತೆಳು ತಳದ ಬೂಟು, ಕ್ಯಾನ್ವಾಸ್ ಅಥವಾ ಬರಿಗಾಲಿಗೆ ಬದಲಾದ ದಿನ ಆ ಎತ್ತರ ಹೋಗಿ ಮೀನಖಂಡ ಅಷ್ಟು ಹೆಚ್ಚು ಎಳೆಯಲ್ಪಡುತ್ತದೆ. ವೇಗ ಬರಲಿ ಎಂದು ತುದಿಗಾಲಲ್ಲಿ ಓಡುವುದೂ ಅದೇ ಭಾರ ಹಾಕುತ್ತದೆ. ಇದು ತಪ್ಪು ಓಟವೇನಲ್ಲ, ಆದರೆ ರಾತ್ರೋರಾತ್ರಿ ಬದಲಿಸುವಂಥದ್ದಲ್ಲ.

ನೆಲವೂ ಲೆಕ್ಕಕ್ಕೆ ಬರುತ್ತದೆ. ಕಲಬುರಗಿ ಊರೇ ಸಪಾಟು. ಇಲ್ಲಿ ಅಪ್ಪನ ಕೆರೆ ಸುತ್ತಿ ಅಭ್ಯಾಸವಾದ ಕಾಲು ಭಾನುವಾರ ಯಾದಗಿರಿ ಕೋಟೆ ಬೆಟ್ಟ ಹತ್ತಿ ಓಡಿದರೆ ಸೋಮವಾರ ಹಿಡಿದುಕೊಳ್ಳದೆ ಇನ್ನೇನು ಮಾಡೀತು? ಏರಿನಲ್ಲಿ ಹಿಮ್ಮಡಿ ನೆಲಕ್ಕೆ ತಾಗುವುದೇ ಕಡಿಮೆ. ರಿಂಗ್ ರಸ್ತೆಯ ಅಂಚು ಮಳೆನೀರು ಹರಿಯಲೆಂದು ಓರೆಯಾಗಿರುತ್ತದೆ. ದಿನಾ ಒಂದೇ ಬದಿ ಓಡುವವರಿಗೆ ಒಂದೇ ಕಾಲು ನೋಯುವುದರಲ್ಲಿ ಆಶ್ಚರ್ಯವಿಲ್ಲ. ಟ್ರ್ಯಾಕಿನಲ್ಲಿ ಸದಾ ಎಡಕ್ಕೇ ತಿರುಗುವವರೂ ನಿಧಾನ ಓಟದ ದಿನ ದಿಕ್ಕು ಬದಲಿಸಲಿ, ಬೇರೆಯವರಿಗೆ ಡಿಕ್ಕಿ ಹೊಡೆಯದ ಹೊತ್ತು ನೋಡಿಕೊಂಡು. ಮಳೆಗಾಲದಲ್ಲಿ ಎರೆ ಹೊಲದ ಬದುವಿನಲ್ಲಿ ಓಡುವ ಹಳ್ಳಿ ಹುಡುಗರ ಬೂಟಿಗೆ ಮಣ್ಣು ಪದರ ಪದರವಾಗಿ ಮೆತ್ತಿಕೊಂಡು ಕಾಲಿಗೊಂದು ಕಿಲೋ ಜೋತುಬಿದ್ದಿರುತ್ತದೆ. ಆ ದಿನ ಓಟ ಬಿಟ್ಟು ಮನೆ ಅಂಗಳದಲ್ಲಿ ಹಗ್ಗ ಜಿಗಿಯುವುದು ಲೇಸು.

ಬಿಸಿಲಿನ ಮಾತು ಬಂದರೆ ಎಲ್ಲರೂ ಉಪ್ಪು-ಸಕ್ಕರೆ ನೀರು ಎನ್ನುತ್ತಾರೆ. ಮೇ ತಿಂಗಳಲ್ಲಿ ಇಲ್ಲಿ 40 ಡಿಗ್ರಿ ದಾಟುವುದರಿಂದ ನೀರು ಬೇಕೇ ಬೇಕು. ಆದರೆ ಓಟದ ಕೊನೆಗೆ ಸೆಟೆದುಕೊಳ್ಳುವ ಮೀನಖಂಡಕ್ಕೆ ಬಹಳ ಸಲ ಕಾರಣ ಸ್ನಾಯುವಿನ ದಣಿವು. ಒಂದೇ ಜಾಗದಲ್ಲಿ, ಒಂದೇ ಕಾಲಲ್ಲಿ ತಿಂಗಳಾನುಗಟ್ಟಲೆ ಬರುವ ನೋವನ್ನು ಓಆರ್‌ಎಸ್ ಪೊಟ್ಟಣ ಸರಿಮಾಡುವುದಿಲ್ಲ.

ದುರಸ್ತಿ

ಹೊಸದಾಗಿ ಹಿಡಿದಿದ್ದರೆ ಮೊದಲ ಎರಡು-ಮೂರು ದಿನ ಎಳೆಯುವ ವ್ಯಾಯಾಮವೂ ಬೇಡ, ಗಟ್ಟಿ ಮಾಲೀಶೂ ಬೇಡ. ನೋವಾಗದಷ್ಟು ನಡೆಯಿರಿ. ನಡೆಯಲೂ ಕಷ್ಟವಾದರೆ ಎರಡೂ ಚಪ್ಪಲಿಯಲ್ಲಿ ಹಿಮ್ಮಡಿಯಡಿ ಸ್ವಲ್ಪ ಎತ್ತರ ಕೊಡಿ. ನೋವಿನ ಇಂಜೆಕ್ಷನ್ ಮಾಡಿಸಿಕೊಂಡು ಮೈದಾನಕ್ಕೆ ಇಳಿಯುವ ಚಾಳಿ ಇಲ್ಲಿದೆ. ಎಚ್ಚರಿಕೆಯ ಗಂಟೆಯ ಬಾಯಿ ಕಟ್ಟಿದ ಹಾಗಾಗುತ್ತದೆ, ಮೇಲಾಗಿ ಬಿಸಿಲಲ್ಲಿ ಬೆವರಿ ಬತ್ತಿದ ಮೈಗೆ ಡೈಕ್ಲೋಫೆನಾಕ್‌ನಂಥ ಔಷಧ ಮೂತ್ರಪಿಂಡಕ್ಕೂ ಕೆಡುಕು.

ನೋವಿಲ್ಲದೆ ನಡೆಯಲು ಬಂದ ದಿನದಿಂದ ಗಟ್ಟಿ ಮಾಡುವ ಕೆಲಸ. ಜಿಮ್ ಬೇಕಿಲ್ಲ. ಗಟ್ಟಿಮುಟ್ಟಾದ ಕುರ್ಚಿಯಲ್ಲಿ ಕೂತು, ಪಾದದ ಮುಂಭಾಗವನ್ನು ಒಂದು ಇಟ್ಟಿಗೆ ಅಥವಾ ಫರ್ಸಿ ಕಲ್ಲಿನ ತುಂಡಿನ ಮೇಲಿಡಿ. ಮೊಣಕಾಲಿನ ಮೇಲೆ ಮಡಚಿದ ಟವೆಲ್, ಅದರ ಮೇಲೆ ಅಕ್ಕಿ ಚೀಲ, ಮೊದಲು ಹತ್ತು ಕಿಲೋ. ಮೂರು ಎಣಿಸುವಷ್ಟು ಹೊತ್ತಿನಲ್ಲಿ ಹಿಮ್ಮಡಿ ಎತ್ತಿ, ಮೂರು ಎಣಿಸುತ್ತ ಇಳಿಸಿ. ಎಂಟರಿಂದ ಹನ್ನೆರಡು ಸಲ ಮಾಡಿ ಎರಡು ನಿಮಿಷ ಬಿಡಿ, ಹೀಗೆ ನಾಲ್ಕು ಸರದಿ, ದಿನ ಬಿಟ್ಟು ದಿನ. ಹನ್ನೆರಡು ಸಲೀಸಾದರೆ ತೂಕ ಏರಿಸಿ. ಇಪ್ಪತ್ತೈದು ಕಿಲೋ ಚೀಲವೂ ಹಗುರ ಅನ್ನಿಸುವ ಕಾಲ ಬರುತ್ತದೆ, ಆಗ ತೊಗರಿ ಚೀಲ ಸೇರಿಸಿ. ಕೊನೆಯ ಎರಡು-ಮೂರು ಸಲ ಕಷ್ಟವೆನಿಸದಿದ್ದರೆ ತೂಕ ಸಾಲದು. ಜೊತೆಗೆ ಮೆಟ್ಟಿಲಿನ ಅಂಚಿನಲ್ಲಿ ಒಂಟಿ ಕಾಲಲ್ಲಿ, ಮೊಣಕಾಲು ನೇರವಿಟ್ಟು ಹಿಮ್ಮಡಿ ಎತ್ತುವುದು.

ಮಾಡುವಾಗ ಹತ್ತರಲ್ಲಿ ಮೂರರಷ್ಟು ನೋವು ಇದ್ದರೆ ನಡೆಯುತ್ತದೆ, ಮರುದಿನ ಬೆಳಗಿನ ಹೊತ್ತಿಗೆ ಅದು ಮೊದಲಿನಷ್ಟಕ್ಕೆ ಇಳಿದಿರಬೇಕು. ಇಳಿಯದಿದ್ದರೆ ಹಿಂದಿನ ತೂಕ. ನಿಜವಾದ ಬಲ ಬರಲು ಆರರಿಂದ ಹನ್ನೆರಡು ವಾರ ಬೇಕು. ದೈಹಿಕ ಪರೀಕ್ಷೆಗೆ ಮೂರು ವಾರ ಉಳಿದಾಗ ಬಂದು ಕೇಳುವವರಿಗೆ ನನ್ನ ಬಳಿ ಒಳ್ಳೆಯ ಸುದ್ದಿಯಿಲ್ಲ. ತುದಿಗಾಲ ಓಟ ಬಿಟ್ಟು, ಹಳೆಯ ದಪ್ಪ ಬೂಟು ಹಾಕಿ, ದಿನಾ ಪೂರ್ತಿ ನಾಲ್ಕು ಸುತ್ತಿನ ಪರೀಕ್ಷೆ ಮಾಡಿಕೊಳ್ಳುವುದನ್ನು ನಿಲ್ಲಿಸಿ ಎಂದಷ್ಟೇ ಹೇಳಬಲ್ಲೆ. ಉಸಿರಿನ ತಾಕತ್ತು ಉಳಿಯಲು ಸೈಕಲ್ ತುಳಿಯಿರಿ.

ಓಟಕ್ಕೆ ಮರಳುವ ಮೊದಲು ಮೂರು ಬೇಕು: ಅರ್ಧ ಗಂಟೆ ಬಿರುಸು ನಡಿಗೆ ನೋವಿಲ್ಲದೆ, ಒಂಟಿ ಕಾಲ ಕುಪ್ಪಳಿಕೆ ಹೆದರಿಕೆಯಿಲ್ಲದೆ, ಹಿಮ್ಮಡಿ ಎತ್ತುವ ಎಣಿಕೆ ಎರಡೂ ಕಾಲಲ್ಲಿ ಸರಿಸುಮಾರು ಸಮ, ಇಪ್ಪತ್ತೈದರ ಹತ್ತಿರ. ಆಮೇಲೆ ಒಂದು ನಿಮಿಷ ಓಟ, ಎರಡು ನಿಮಿಷ ನಡಿಗೆ, ಎಂಟು ಸಲ. ಮಧ್ಯೆ ಒಂದು ದಿನ ಬಿಡುವು. ಮರುದಿನ ಬೆಳಗ್ಗೆ ಮೆಟ್ಟಿಲು ಇಳಿದು ನೋಡಿ, ಸುಮ್ಮನಿದ್ದರೆ ಓಟದ ನಿಮಿಷ ಹೆಚ್ಚಿಸಿ. ಮೊದಲು ದೂರ, ಆಮೇಲೆ ವೇಗ. ಎರಡನ್ನೂ ಒಂದೇ ವಾರದಲ್ಲಿ ಏರಿಸಬೇಡಿ. ಏರು ಓಟ, ತೆಳು ಬೂಟು ಕಟ್ಟಕಡೆಗೆ. ಓಟ ಸರಿಹೋದ ಮೇಲೂ ಅಕ್ಕಿ ಚೀಲವನ್ನು ವಾರಕ್ಕೆ ಎರಡು ದಿನ ಬಿಡಬಾರದು. ಬಿಟ್ಟವರೇ ಮುಂದಿನ ಭರ್ತಿಗೆ ಮತ್ತೆ ಕುಂಟುತ್ತ ಬರುವವರು.

ಇಷ್ಟು ಮಾಡಿಯೂ ಹೋಗದಿದ್ದರೆ

ಹನ್ನೆರಡು ವಾರ ನಿಯತ್ತಾಗಿ ಮಾಡಿಯೂ ಅದೇ ದೂರಕ್ಕೆ ಅದೇ ನೋವು ಬಂದರೆ ದೋಷವನ್ನು ನಾವು ತಪ್ಪು ಹೆಸರಿನಿಂದ ಕರೆಯುತ್ತಿದ್ದೇವೆ ಎಂದು ತಿಳಿಯಬೇಕು. ಮೂಳೆ ವೈದ್ಯರಲ್ಲಿಗೆ ಹೋಗುವಾಗ ಒಂದು ಚೀಟಿ ಬರೆದುಕೊಂಡು ಹೋಗಿ: ಎಷ್ಟನೆಯ ನಿಮಿಷಕ್ಕೆ ಶುರು, ನಿಂತ ಮೇಲೆ ಎಷ್ಟು ಹೊತ್ತಿಗೆ ಶಾಂತ, ಜೋಮು ಇದೆಯೇ, ಮರುದಿನ ಹೇಗೆ, ಯಾವ ಮಾತ್ರೆ ನುಂಗಿದ್ದೀರಿ. ಹೊರರೋಗಿ ವಿಭಾಗದ ಸಾಲಿನಲ್ಲಿ ವೈದ್ಯರಿಗೆ ಸಿಗುವ ನಾಲ್ಕು ನಿಮಿಷಕ್ಕೆ ಆ ಚೀಟಿ ಎಕ್ಸ್-ರೇಗಿಂತ ಹೆಚ್ಚು ಕೆಲಸ ಮಾಡುತ್ತದೆ. ಸ್ನಾಯು ನೋವಿಗೆ ಎಕ್ಸ್-ರೇ ಏನೂ ತೋರಿಸುವುದಿಲ್ಲ. ಅಲ್ಟ್ರಾಸೌಂಡ್ ಹೊರ ಸ್ನಾಯು ಹರಿದದ್ದನ್ನು ಚೆನ್ನಾಗಿ ಹಿಡಿಯುತ್ತದೆ, ಆಳದ ಸೋಲಿಯಸ್ ಹರಿದದ್ದು ಅದರ ಕಣ್ಣು ತಪ್ಪಿಸುವುದುಂಟು. ಹಾಗಾಗಿ ಅಲ್ಟ್ರಾಸೌಂಡ್ ಚೆನ್ನಾಗಿ ಬಂದಿದ್ದರೂ ನೋವು ಆಳದಲ್ಲೇ ಇದ್ದರೆ ಎಂಆರ್‌ಐ ಬೇಕೇ ಎಂದು ಕೇಳಿ. ಓಡಿದಾಗ ಮಾತ್ರ ಬಂದು ನಿಂತ ಕೂಡಲೆ ಹೋಗುವ ನೋವಾದರೆ, ಮಲಗಿಸಿ ಮಾಡಿದ ಯಾವ ಪರೀಕ್ಷೆಯಲ್ಲೂ ಅದು ಸಿಗದೇ ಹೋಗಬಹುದು. ಆಸ್ಪತ್ರೆಯ ಮೆಟ್ಟಿಲು ಹತ್ತಿ ಇಳಿದು, ಹಿಡಿದುಕೊಂಡ ಕಾಲಿನಲ್ಲೇ ಒಳಗೆ ಹೋಗಿ ತೋರಿಸಿ.